ಕರೆಂಟ್ ಕೊಡಿಸಿಕೊಂಡ ಅಜ್ಜಿಯ ಪಕ್ಕ ಮಗು ಮಲಗಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನಾವು ಸಿಂಧನೂರು ಕಡೆಯವರು. ನಮ್ಮ ಅತ್ತೆಗೆ ಬಾಯಿ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆದ ಮೇಲೆ ಆರು ವಾರ ಕರೆಂಟ್ (ರೇಡಿಯೇಷನ್ ಚಿಕಿತ್ಸೆ) ಕೊಟ್ಟರು, ಹೋದ ತಿಂಗಳು ಮುಗಿಯಿತು. ಕುತ್ತಿಗೆ ಪೂರ್ತಿ ಕಪ್ಪಾಗಿದೆ. ನನ್ನ ಮಗ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಾನೆ. ಅಜ್ಜಿಯ ಮೈಯಲ್ಲಿ ವಿಕಿರಣ ಸೇರಿಕೊಂಡಿದೆ, ಯಂತ್ರದಲ್ಲಿರುವ ಕೋಬಾಲ್ಟ್ ಅನ್ನುವ ವಿಕಿರಣ ವಸ್ತುವಿನ ಅರ್ಧಾಯು, ಅಂದರೆ ಅರ್ಧ ಆಗಲು ಬೇಕಾದ ಸಮಯ, 5 ವರ್ಷ, ಪೂರ್ತಿ ಹೋಗಲು 10 ವರ್ಷ ಬೇಕು ಅಂತಾನೆ. ಯಂತ್ರ ಹಾಕುವಾಗ ಆಸ್ಪತ್ರೆಯವರೇ ಹೊರಗೆ ಹೋಗಿಬಿಡ್ತಾರೆ, ನಾವು ಯಾಕೆ ಹತ್ತಿರ ಇರಬೇಕು ಅಂತಲೂ ಕೇಳ್ತಾನೆ. ಮೈದುನನ ಮಗಳಿಗೆ ಮೂರು ವರ್ಷ, ಅವಳನ್ನು ಅಜ್ಜಿ ಹತ್ತಿರ ಬಿಡುತ್ತಿಲ್ಲ. ತಟ್ಟೆ, ಲೋಟ ಬೇರೆ ಇಟ್ಟಿದ್ದೇವೆ. ಅತ್ತೆ ಏನೂ ಅಂದಿಲ್ಲ, ಆದರೆ ತಾವಾಗಿಯೇ ಹೊರಗೆ ಪಡಸಾಲೆಯಲ್ಲಿ ಮಲಗುತ್ತಿದ್ದಾರೆ. ಮಗ ಹೇಳುವುದು ನಿಜವಾ?

ಉತ್ತರ:

ಅಕ್ಕಾ, ಮೊದಲು ಅವರ ಹಾಸಿಗೆ ಒಳಗೆ ತನ್ನಿ. ಉಳಿದದ್ದು ಆಮೇಲೆ ಓದಿದರೂ ಆಯಿತು. ಹೊರಗಿನಿಂದ ಯಂತ್ರದಲ್ಲಿ ಕರೆಂಟ್ ಕೊಟ್ಟಿದ್ದರೆ ನಿಮ್ಮ ಅತ್ತೆಯವರ ಮೈಯಲ್ಲಿ ಆ ವಿಕಿರಣ ಚೂರೂ ಉಳಿದಿಲ್ಲ. ಇವತ್ತು ಅಂತಲ್ಲ, ಕೊಡುತ್ತಿದ್ದ ಆರು ವಾರದಲ್ಲೂ ಯಂತ್ರ ನಿಂತ ಮರುಕ್ಷಣ ಉಳಿದಿರಲಿಲ್ಲ. ಮಗು ಅಜ್ಜಿಯ ಪಕ್ಕ ಮಲಗಬಹುದು, ತೊಡೆ ಮೇಲೆ ಕೂರಬಹುದು, ಒಂದೇ ತಟ್ಟೆಯಲ್ಲಿ ಉಂಡರೂ ವಿಕಿರಣದ ಭಯ ಇಲ್ಲ.

ನಾನು ರಾಯಚೂರಿನಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತಾ 22 ವರ್ಷ ಆಯಿತು. ನಿಮ್ಮ ಮಗ ಹೇಳಿದ ಮಾತನ್ನು ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ, ಅದೂ ಚೆನ್ನಾಗಿ ಓದುವ ಮಕ್ಕಳೇ ಹೇಳುತ್ತಾರೆ. ಅವನು ಸುಮ್ನೆ ಹೆದರಿಸುತ್ತಿಲ್ಲ. ಓದಿದ್ದನ್ನು ಮನೆಗೆ ಹೊಂದಿಸಿ ನೋಡಿದ್ದಾನೆ, ಹೊಂದಿಸುವಾಗ ಎರಡು ಬೇರೆ ಸಂಗತಿಗಳನ್ನು ಒಂದೇ ಅಂದುಕೊಂಡಿದ್ದಾನೆ. ಹಾಗಾಗಿ ನಾನು ಬರೆಯುವುದರಲ್ಲಿ ಅರ್ಧ ನಿಮಗೆ, ಅರ್ಧ ಅವನಿಗೆ. ಅವನಿಗೂ ಓದಲು ಕೊಡಿ.

ವಿಕಿರಣ ಬೇರೆ, ವಿಕಿರಣ ಬಿಡುವ ವಸ್ತು ಬೇರೆ. ಇಷ್ಟು ತಿಳಿದರೆ ಮುಕ್ಕಾಲು ಗೊಂದಲ ಹೋಗುತ್ತದೆ. ನಮ್ಮ ಪುಸ್ತಕದ ಮಾತೇ ಇಲ್ಲಿ ತೊಂದರೆ ಕೊಡುತ್ತದೆ. ವಿಕಿರಣ, ವಿಕಿರಣಶೀಲ, ವಿಕಿರಣಶೀಲತೆ, ಎಲ್ಲ ಒಂದೇ ಥರ ಕೇಳಿಸುತ್ತವೆ. ಪೇಪರಿನಲ್ಲಿ 'ವಿಕಿರಣ ಸೋರಿಕೆ' ಅಂತ ಬರೆಯುತ್ತಾರೆ. ಸೋರುವುದು ವಸ್ತು, ಅದರ ಪುಡಿ, ಅದು ಕರಗಿದ ನೀರು, ಅದರ ಅನಿಲ. ಕಿರಣ ಅನ್ನುವುದು ಆ ವಸ್ತುವಿನಿಂದ ಹೊರಟು, ಎಲ್ಲಿಗೋ ಬಡಿದು, ಅಲ್ಲೇ ಮುಗಿದುಹೋಗುತ್ತದೆ.

ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವಾಗ ಬ್ಯಾಟರಿ ಹಿಡಿದುಕೊಂಡು ಹೋಗುತ್ತೀರಿ ಅಲ್ವಾ? ಬೆಳಕನ್ನು ಎತ್ತಿನ ಮೈಮೇಲೆ ಬಿಟ್ಟು ಆರಿಸಿ. ಎತ್ತು ಬೆಳಗುತ್ತಾ ನಿಲ್ಲುತ್ತದಾ? ಇಲ್ಲ. ಇದು ಕಿರಣ. ಇನ್ನು ಒಣಮೆಣಸಿನಕಾಯಿ ಕುಟ್ಟಿ ಖಾರದ ಪುಡಿ ಮಾಡಿದ ಕೈಯನ್ನು ನೆನೆಸಿಕೊಳ್ಳಿ. ಕುಟ್ಟಿದ್ದು ಮುಗಿದು ಎರಡು ತಾಸಾದರೂ ಆ ಕೈಯಿಂದ ಮಗುವಿನ ಮುಖ ಮುಟ್ಟಿದರೆ ಮಗು ಕಿರುಚುತ್ತದೆ, ಯಾಕೆಂದರೆ ಪುಡಿ ಕೈಗೆ ಅಂಟಿದೆ, ಕೈಯಿಂದ ಸೆರಗಿಗೆ, ಸೆರಗಿನಿಂದ ಮಗುವಿಗೆ ದಾಟುತ್ತದೆ, ತೊಳೆಯುವವರೆಗೂ ಹೋಗುವುದಿಲ್ಲ. ಇದು ವಸ್ತು. ನಿಮ್ಮ ಅತ್ತೆಯ ಮೇಲೆ ಬಿದ್ದದ್ದು ಬ್ಯಾಟರಿಯ ಬೆಳಕಿನಂಥದ್ದು. ನಿಮ್ಮ ಮಗ ಅದನ್ನು ಖಾರದ ಪುಡಿ ಅಂದುಕೊಂಡಿದ್ದಾನೆ.

ನಮ್ಮ ಕಡೆಯ ಮಕ್ಕಳಿಗೆ ಈ ತಪ್ಪು ಇಷ್ಟು ಗಟ್ಟಿಯಾಗಿ ಕೂರುವುದಕ್ಕೆ ಬಿಸಿಲೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಮೇ ತಿಂಗಳಲ್ಲಿ ಹಗಲೆಲ್ಲ ಕಾದ ಮಾಳಿಗೆ ರಾತ್ರಿ ಹತ್ತಾದರೂ ಬಿಸಿ ಕಕ್ಕುತ್ತಿರುತ್ತದೆ. ಚಿಕ್ಕಂದಿನಿಂದ ಅದರ ಮೇಲೆ ನೀರು ಚಿಮುಕಿಸಿ ಮಲಗಿದ ಹುಡುಗನಿಗೆ, ಹೀರಿಕೊಂಡದ್ದು ಒಳಗೆ ಕೂತು ನಿಧಾನಕ್ಕೆ ಹೊರಗೆ ಬರುತ್ತದೆ ಅನ್ನುವುದು ಅನುಭವದ ಮಾತು. ಶಾಖಕ್ಕೆ ಅದು ಸರಿ. ಗಾಮಾ ಕಿರಣಕ್ಕೆ, ಅಂದರೆ ಕೋಬಾಲ್ಟ್ ಯಂತ್ರದಿಂದ ಬರುವ ಕಿರಣಕ್ಕೆ, ಸರಿಯಲ್ಲ. ಅದು ಮೈಯಲ್ಲಿ ಕೂಡಿಟ್ಟುಕೊಳ್ಳುವ ಸರಕಲ್ಲ.

ಇಲ್ಲಿ ನಿಮ್ಮ ಮಗ ಒಂದು ಪ್ರಶ್ನೆ ಕೇಳಬಹುದು, ಜಾಣ ಹುಡುಗ ಕೇಳಿಯೇ ಕೇಳುತ್ತಾನೆ: ಕಿರಣ ಬಡಿದು ಮೈಯಲ್ಲಿರುವ ಪರಮಾಣುಗಳೇ ವಿಕಿರಣಶೀಲ ಆಗಿಬಿಟ್ಟರೆ? ಹಾಗೆ ಆಗಬೇಕಾದರೆ ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸೇ ಬದಲಾಗಬೇಕು. ಲೆಕ್ಕ ನೋಡೋಣ. ಕೋಬಾಲ್ಟ್-60 ಬಿಡುವ ಗಾಮಾ ಕಿರಣಗಳ ಶಕ್ತಿ 1.17 ಮತ್ತು 1.33 ಎಂಇವಿ (ಎಂಇವಿ ಅಂದರೆ ಇಂಥ ಕಿರಣಗಳ ಶಕ್ತಿಯ ಅಳತೆ). ನಮ್ಮ ಮೈಯಲ್ಲಿ ಜಾಸ್ತಿ ಇರುವ ಆಮ್ಲಜನಕದ ನ್ಯೂಕ್ಲಿಯಸ್‌ನಿಂದ ಒಂದು ನ್ಯೂಟ್ರಾನ್ ಕೀಳಲು 15 ಎಂಇವಿಗಿಂತ ಜಾಸ್ತಿ ಬೇಕು, ಇಂಗಾಲಕ್ಕೆ 18ಕ್ಕಿಂತ ಜಾಸ್ತಿ. ಒಂದೂವರೆ ಎಂಇವಿಯೂ ಇಲ್ಲದ ಕಿರಣ ಅಲ್ಲಿ ಏನೂ ಮಾಡಲಾರದು. ಅದು ಮಾಡುವುದು ಹೊರಗಿನ ಎಲೆಕ್ಟ್ರಾನುಗಳನ್ನು ಕಿತ್ತು ಹಾಕುವ ಕೆಲಸ. ಅದರಿಂದ ಜೀವಕೋಶದ ಡಿಎನ್‌ಎ ತುಂಡಾಗುತ್ತದೆ, ಕ್ಯಾನ್ಸರ್ ಕೋಶ ಸಾಯುತ್ತದೆ. ಬಯಾಲಜಿಯಲ್ಲಿ ಕೋಶದ ನಡುವಿನದಕ್ಕೂ ನ್ಯೂಕ್ಲಿಯಸ್ ಅಂತಾರೆ, ಫಿಸಿಕ್ಸ್‌ನಲ್ಲಿ ಪರಮಾಣುವಿನ ನಡುವಿನದಕ್ಕೂ ನ್ಯೂಕ್ಲಿಯಸ್ ಅಂತಾರೆ. ಕೆಟ್ಟದ್ದು ಕೋಶದ ನ್ಯೂಕ್ಲಿಯಸ್, ಪರಮಾಣುವಿನ ನ್ಯೂಕ್ಲಿಯಸ್ ಹಿಂದೆ ಇದ್ದ ಹಾಗೇ ಇದೆ. ಈ ಒಂದು ಪದಕ್ಕೆ ಎಷ್ಟು ಮಕ್ಕಳು ಎಡವಿದ್ದನ್ನು ನೋಡಿದ್ದೇನೆ ಅಂದರೆ ಈಗ ಪಾಠ ಶುರು ಮಾಡುವ ಮೊದಲೇ ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯುತ್ತೇನೆ.

ಪರಮಾಣುವನ್ನು ವಿಕಿರಣಶೀಲ ಮಾಡಲು ಸಾಮಾನ್ಯವಾಗಿ ನ್ಯೂಟ್ರಾನ್ ಬೇಕು. ಕೋಬಾಲ್ಟ್-60 ಹುಟ್ಟುವುದೇ ಹಾಗೆ. ಸಾಧಾರಣ ಕೋಬಾಲ್ಟ್-59ನ್ನು ಅಣು ರಿಯಾಕ್ಟರ್ ಒಳಗೆ ಇಟ್ಟರೆ ಅದು ಒಂದು ನ್ಯೂಟ್ರಾನ್ ನುಂಗಿ 60 ಆಗುತ್ತದೆ. ರಾಜಸ್ಥಾನದ ರಾವತ್‌ಭಾಟಾದ ರಿಯಾಕ್ಟರ್‌ಗಳಲ್ಲಿ ಹೀಗೆ ಮಾಡುತ್ತಾರೆ.

ಈಗ ಬಹಳ ಆಸ್ಪತ್ರೆಗಳಲ್ಲಿ ಕೋಬಾಲ್ಟ್ ಯಂತ್ರವೂ ಇರುವುದಿಲ್ಲ. ಲೀನಿಯರ್ ಆಕ್ಸಿಲರೇಟರ್ ಇರುತ್ತದೆ, ಲೈನಾಕ್ ಅಂತ ಕರೆಯುತ್ತಾರೆ. ಅದರಲ್ಲಿ ವಿಕಿರಣ ವಸ್ತುವೇ ಇಲ್ಲ. ವಿದ್ಯುತ್ತಿನಿಂದ ಎಲೆಕ್ಟ್ರಾನ್ ಓಡಿಸಿ, ಲೋಹಕ್ಕೆ ಬಡಿಸಿ, ಎಕ್ಸ್-ರೇ ಹುಟ್ಟಿಸುತ್ತಾರೆ. ನಮ್ಮ ಜನ 'ಕರೆಂಟ್ ಕೊಟ್ಟರು' ಅನ್ನುವುದು ಆ ಯಂತ್ರಕ್ಕೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ, ಕರೆಂಟ್ ತೆಗೆದರೆ ಅಲ್ಲಿ ಏನೂ ಇಲ್ಲ.

ಆಸ್ಪತ್ರೆಯವರು ಹೊರಗೆ ಯಾಕೆ ಹೋಗುತ್ತಾರೆ ಅನ್ನುವುದಕ್ಕೆ ಬರುತ್ತೇನೆ. ನಿಮ್ಮ ಅತ್ತೆಗೆ ಆ ಕಿರಣದಿಂದ ಲಾಭ ಇದೆ, ಟೆಕ್ನಿಷಿಯನ್‌ಗೆ ಇಲ್ಲ. ಅವರು ದಿನಕ್ಕೆ ಹತ್ತಾರು ಜನರಿಗೆ, ವರ್ಷಗಟ್ಟಲೆ ಅದೇ ಕೆಲಸ ಮಾಡಬೇಕು. ಕಿರಣ ಹೊರಡುತ್ತಿರುವಾಗ ಅಲ್ಲೇ ನಿಂತರೆ ಅವರ ಮೈಮೇಲೂ ಚೂರು ಚೂರು ಬೀಳುತ್ತದೆ. ಅದಕ್ಕೇ ದಪ್ಪ ಕಾಂಕ್ರೀಟ್ ಗೋಡೆಯ ಆಚೆ ಹೋಗುತ್ತಾರೆ, ಎಷ್ಟು ಬಿತ್ತು ಅಂತ ಅಳೆಯಲು ಅಂಗಿಗೆ ಒಂದು ಬ್ಯಾಡ್ಜ್ ಹಾಕಿಕೊಂಡಿರುತ್ತಾರೆ. ಆದರೆ ನೀವು ಅಷ್ಟು ದಿನ ಅತ್ತೆಯ ಜೊತೆ ಓಡಾಡಿದ್ದೀರಿ, ಇನ್ನೊಂದನ್ನೂ ನೋಡಿರುತ್ತೀರಿ. ಯಂತ್ರ ನಿಂತ ಕೂಡಲೇ ಅದೇ ಮನುಷ್ಯ ಒಳಗೆ ಬಂದು, ಅತ್ತೆಯ ಮುಖಕ್ಕೆ ಹಾಕಿದ ಜಾಳಿಗೆ ಬಿಚ್ಚಿ, ಭುಜ ಹಿಡಿದು ಎಬ್ಬಿಸಿ ಕೂರಿಸುತ್ತಾರೆ. ಹೋಗುವುದನ್ನು ನಿಮ್ಮ ಮಗ ಗಮನಿಸಿದ್ದಾನೆ, ಬರುವುದನ್ನೂ ಗಮನಿಸಲಿ.

ಇಷ್ಟಾದರೂ ಅನುಮಾನ ಉಳಿದರೆ ಈ ಲೆಕ್ಕ ಕೊಡಿ. ಬಾಯಿ, ಗಂಟಲಿನ ಕ್ಯಾನ್ಸರಿಗೆ ದಿನಕ್ಕೆ ಸುಮಾರು 2 ಗ್ರೇ ಪ್ರಮಾಣದಂತೆ ಒಟ್ಟು 60ರಿಂದ 70 ಗ್ರೇ ಕೊಡುತ್ತಾರೆ. ಗ್ರೇ ಅಂದರೆ ಮೈ ಎಷ್ಟು ಶಕ್ತಿ ಹೀರಿತು ಅನ್ನುವ ಅಳತೆ. ಅದೇ ಕೋಬಾಲ್ಟ್-60ರ ಗಾಮಾ ಕಿರಣದಿಂದ ಆಸ್ಪತ್ರೆಯ ಸಿರಿಂಜ್, ಕೈಗವಸು, ಹೊಲಿಗೆ ದಾರದಂಥ ಎಷ್ಟೋ ಸಾಮಾನುಗಳನ್ನು ಕ್ರಿಮಿ ಇಲ್ಲದಂತೆ ಮಾಡುತ್ತಾರೆ. ಮುಂಬೈನ ಟ್ರಾಂಬೆಯಲ್ಲಿ 1974ರಿಂದ ಅಂಥ ಘಟಕ ಇದೆ. ಅಲ್ಲಿ ಆ ಸಾಮಾನಿಗೆ ಕೊಡುವುದು ಸಾಮಾನ್ಯವಾಗಿ 25,000 ಗ್ರೇ. ನಿಮ್ಮ ಅತ್ತೆಗೆ ಕೊಟ್ಟದ್ದರ ಮುನ್ನೂರೈವತ್ತು ಪಟ್ಟಿಗಿಂತ ಜಾಸ್ತಿ! ವಿಕಿರಣ ಒಳಗೆ ಸೇರಿ ಕೂರುವಂತಿದ್ದರೆ ಆ ದಾರದಿಂದ ಯಾರ ಗಾಯ ಹೊಲಿಯಬಹುದಿತ್ತು? ನಾಸಿಕ್ ಹತ್ತಿರದ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ ಮೊಳಕೆ ಬರದಿರಲಿ ಅಂತ ಗಾಮಾ ಕೊಡುತ್ತಾರೆ, ಆ ಈರುಳ್ಳಿಯೂ ಈರುಳ್ಳಿಯೇ.

ಹಾಗಾದರೆ ಖಾರದ ಪುಡಿಯ ಥರ ಅಂಟುವುದು ಎಂದೂ ಇಲ್ಲವಾ? ಇದೆ, ಅದನ್ನು ಮುಚ್ಚಿಡಬಾರದು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾ ಊರಿನಲ್ಲಿ ಪಾಳುಬಿದ್ದ ಆಸ್ಪತ್ರೆಯಿಂದ ಇಬ್ಬರು ಹಳೆಯ ಕ್ಯಾನ್ಸರ್ ಯಂತ್ರದ ಭಾಗ ಕದ್ದು ಗುಜರಿಗೆ ಮಾರಿದರು. ಒಳಗೆ ಸೀಸಿಯಂ-137 ಪುಡಿ ಇತ್ತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತದೆ ಅಂತ ನೆಂಟರಿಷ್ಟರಿಗೆಲ್ಲ ಹಂಚಿದರು, ಮೈಗೆ ಹಚ್ಚಿಕೊಂಡರು. ನಾಲ್ಕು ಜನ ಸತ್ತರು, ಅದರಲ್ಲಿ ಆರು ವರ್ಷದ ಹುಡುಗಿ ಒಬ್ಬಳು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷೆ ಮಾಡಿದಾಗ 249 ಜನರ ಮೈಯಲ್ಲಿ, ಬಟ್ಟೆಯಲ್ಲಿ ಪುಡಿ ಸಿಕ್ಕಿತು. ನಮ್ಮ ದೇಶದಲ್ಲೂ 2010ರಲ್ಲಿ ದಿಲ್ಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಹಳೆಯ ಕೋಬಾಲ್ಟ್-60 ಉಪಕರಣ ಬಂದು, ಅದನ್ನು ಬಿಚ್ಚಿದಾಗ ಒಬ್ಬರು ತೀರಿಕೊಂಡರು. ಎರಡು ಕಡೆಯೂ ವಸ್ತುವೇ ಪೆಟ್ಟಿಗೆಯಿಂದ ಹೊರಬಂದು ಜನರ ಕೈಗೆ ಸಿಕ್ಕಿತ್ತು. ನಿಮ್ಮ ಅತ್ತೆಗೆ ಚಿಕಿತ್ಸೆ ಕೊಡುವಾಗ ವಸ್ತು ಇದ್ದರೂ ಯಂತ್ರದ ತಲೆಯೊಳಗೆ, ಮುಚ್ಚಿದ ಲೋಹದ ಕೊಳವೆಯಲ್ಲಿ, ದಪ್ಪ ಸೀಸದ ನಡುವೆ ಇತ್ತು. ಅದು ಹೊರಗೆ ಬರಲೇ ಇಲ್ಲ.

ನೀವು ಆಸ್ಪತ್ರೆಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಬೇಕಾದದ್ದು ಒಂದೇ: ಹೊರಗಿನಿಂದ ಮಾತ್ರ ಕೊಟ್ಟರಾ, ಒಳಗೇನಾದರೂ ಇಟ್ಟರಾ ಅಂತ. ನೀವು ಬರೆದದ್ದು ನೋಡಿದರೆ ಹೊರಗಿನಿಂದಲೇ ಕೊಟ್ಟಿದ್ದಾರೆ. ಕೆಲವರಿಗೆ ಗಡ್ಡೆಯ ಹತ್ತಿರ ಸಣ್ಣ ಕೊಳವೆ ಹಾಕಿ ಅದರೊಳಗೆ ವಿಕಿರಣ ವಸ್ತುವನ್ನು ಸ್ವಲ್ಪ ಹೊತ್ತು ಇಟ್ಟು ತೆಗೆಯುತ್ತಾರೆ. ತೆಗೆದ ಮೇಲೆ ಅಲ್ಲೂ ಏನೂ ಉಳಿಯುವುದಿಲ್ಲ. ಥೈರಾಯ್ಡ್ ಕ್ಯಾನ್ಸರಿನವರ ಮಾತು ಬೇರೆ. ಅವರು ಅಯೋಡಿನ್-131 ಅನ್ನುವ ವಿಕಿರಣ ವಸ್ತುವನ್ನೇ ನುಂಗುತ್ತಾರೆ. ಅವರ ಮೈಯಿಂದ, ಮೂತ್ರದಿಂದ, ಬೆವರಿನಿಂದ ಕೆಲವು ದಿನ ಅದು ಹೊರಬರುತ್ತದೆ, ಅದಕ್ಕೇ ಆಸ್ಪತ್ರೆಯಲ್ಲಿ ಬೇರೆ ಕೋಣೆಯಲ್ಲಿ ಇಡುತ್ತಾರೆ, ಮನೆಗೆ ಬಂದ ಮೇಲೂ ಮಕ್ಕಳಿಂದ, ಬಸುರಿಯರಿಂದ ಎಷ್ಟು ದಿನ ದೂರ ಇರಬೇಕು ಅಂತ ಹೇಳಿ ಕಳಿಸುತ್ತಾರೆ. ಅದನ್ನು ತಪ್ಪದೆ ಪಾಲಿಸಬೇಕು. ಅದರ ಅರ್ಧಾಯು 8 ದಿನ.

ಅರ್ಧಾಯು ಅಂದ ಕೂಡಲೇ ನಿಮ್ಮ ಮಗನ ಇನ್ನೊಂದು ಮಾತು ನೆನಪಾಗುತ್ತದೆ. 5 ವರ್ಷಕ್ಕೆ ಅರ್ಧ ಹೋದರೆ 10 ವರ್ಷಕ್ಕೆ ಪೂರ್ತಿ ಹೋಗುತ್ತದೆ ಅನ್ನುವ ಲೆಕ್ಕ. ಅತ್ತೆಯ ಮೈಯಲ್ಲಿ ಕೋಬಾಲ್ಟ್ ಇಲ್ಲ, ಹಾಗಾಗಿ ಈ ಲೆಕ್ಕ ಅವರಿಗೆ ಬೇಕಿಲ್ಲ. ಆದರೆ ಹುಡುಗನಿಗೆ ಪರೀಕ್ಷೆಗಾದರೂ ಬೇಕು, ಮತ್ತೆ ಇದು ನನಗೆ ಬಹಳ ಇಷ್ಟದ ಪಾಠ, ಸ್ವಲ್ಪ ನಿಂತು ಹೇಳುತ್ತೇನೆ.

ಚೌಕಾಬಾರ ಆಡಲು ಹುಣಸೆ ಬೀಜದ ಒಂದು ಮಗ್ಗಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡುತ್ತೇವಲ್ಲ, ಅಂಥ ನೂರು ಬೀಜ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಕ್ಲಾಸಿನಲ್ಲಿ ಪೇಪರ್ ಹಾಸಿ ಎಲ್ಲವನ್ನೂ ಒಟ್ಟಿಗೆ ಚೆಲ್ಲುತ್ತೇವೆ. ಬಿಳಿ ಮೇಲಾಗಿ ಬಿದ್ದವು ಒಡೆದುಹೋದ ಪರಮಾಣು ಅಂತ ಲೆಕ್ಕ, ಅವನ್ನು ತೆಗೆದು ಪಕ್ಕಕ್ಕೆ. ಉಳಿದವನ್ನು ಮತ್ತೆ ಚೆಲ್ಲುವುದು. ಹೋದ ವರ್ಷ ಒಂದು ಬ್ಯಾಚ್‌ನಲ್ಲಿ ಬಂದದ್ದು 100, 53, 26, 14, 6. ಉಜ್ಜಿದ ಬೀಜ ಸರಿಯಾಗಿ ಅರ್ಧಕ್ಕೆ ಅರ್ಧ ಬೀಳುವುದಿಲ್ಲ, ಆದರೂ ಸುಮಾರಾಗಿ ಬರುತ್ತದೆ. ಎರಡನೇ ಸಲಕ್ಕೆ ಮುಗಿಯಲಿಲ್ಲ, ಕಾಲು ಭಾಗ ಉಳಿಯಿತು, ಅಲ್ವಾ? ಕೊನೆಗೆ ಒಂದೇ ಬೀಜ ಉಳಿದು ಮೂರು ಸಲ ಚೆಲ್ಲಿದರೂ ಕಪ್ಪೇ ಬಿತ್ತು. ಹಿಂದಿನ ಬೆಂಚಿನವರೆಲ್ಲ ಎದ್ದು ಬಂದು ಸುತ್ತ ನಿಂತಿದ್ದರು. 'ಈ ಸಲ ಬಿದ್ದೇ ಬೀಳುತ್ತೆ ಸರ್, ಇಷ್ಟು ಸಲ ತಪ್ಪಿಸಿಕೊಂಡಿದೆ' ಅಂತ ಒಬ್ಬಳು ಕೂಗಿದಳು. ಬೀಜಕ್ಕೆ ಅದು ಗೊತ್ತಿಲ್ಲ. ಅದಕ್ಕೆ ಈ ಸಲವೂ ಅಷ್ಟೇ ಅವಕಾಶ. ಪರಮಾಣುವಿಗೂ ಹಾಗೇ ವಯಸ್ಸಾಗುವುದಿಲ್ಲ. ನಿನ್ನೆ ಹುಟ್ಟಿದ ಕೋಬಾಲ್ಟ್-60 ಪರಮಾಣುವಿಗೂ, ಹತ್ತು ವರ್ಷದಿಂದ ಉಳಿದುಕೊಂಡು ಬಂದದ್ದಕ್ಕೂ ಮುಂದಿನ 5.27 ವರ್ಷದಲ್ಲಿ ಒಡೆಯುವ ಸಾಧ್ಯತೆ ಅರ್ಧಕ್ಕೆ ಅರ್ಧವೇ. ಯಾವುದು ಯಾವಾಗ ಅಂತ ಯಾರೂ ಹೇಳಲಾರರು, ಗುಂಪಿಗೆ ಮಾತ್ರ ಲೆಕ್ಕ ಸಿಗುತ್ತದೆ.

ಕೋಬಾಲ್ಟ್ ಯಂತ್ರ ಇರುವ ಆಸ್ಪತ್ರೆಗಳಿಗೆ ಇದು ದಿನದ ವ್ಯವಹಾರ. ಹೊಸ ಕೋಬಾಲ್ಟ್ ಹಾಕಿದಾಗ ಎರಡು ನಿಮಿಷ ಸಾಕಾಗುತ್ತಿದ್ದ ಚಿಕಿತ್ಸೆಗೆ ಐದು ವರ್ಷ ಕಳೆದ ಮೇಲೆ ಸುಮಾರು ನಾಲ್ಕು ನಿಮಿಷ ಬೇಕು.

ಅರ್ಧಾಯು ಉದ್ದ ಇದ್ದಷ್ಟೂ ಅಪಾಯ ಜಾಸ್ತಿ ಅನ್ನುವುದೂ ಅಷ್ಟೇ ಸಾಮಾನ್ಯ ತಪ್ಪು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಅದಿರು ಇದೆ ಅಂತ ಸುದ್ದಿ ಬಂದಾಗಿನಿಂದ ಮಕ್ಕಳು ಕೇಳುತ್ತಾರೆ, ಅಲ್ಲಿ ರಾತ್ರಿ ಹಸಿರು ಬೆಳಕು ಬರುತ್ತಾ ಸರ್ ಅಂತ. ಬರುವುದಿಲ್ಲ, ಅದೂ ಕಲ್ಲೇ. ಯುರೇನಿಯಂ-238ರ ಅರ್ಧಾಯು ಸುಮಾರು 450 ಕೋಟಿ ವರ್ಷ. ಅಂದರೆ ಬಹಳ ಜಿಪುಣ, ಕೈಯಲ್ಲಿರುವುದನ್ನು ಒಂದೊಂದೇ ಪೈಸೆ ಖರ್ಚು ಮಾಡುತ್ತದೆ. 8 ದಿನದ ಅಯೋಡಿನ್ ಅಷ್ಟೇ ಹಣವನ್ನು ಜಾತ್ರೆಯಲ್ಲಿ ಚೆಲ್ಲಿದ ಹಾಗೆ ಚೆಲ್ಲುತ್ತದೆ. ಒಂದೇ ತೂಕ ತೆಗೆದುಕೊಂಡರೆ ಒಂದು ಸೆಕೆಂಡಿಗೆ ಯಾವುದು ಜಾಸ್ತಿ ಕಿರಣ ಬಿಡುತ್ತದೆ ಅಂತ ಮಗನೇ ಲೆಕ್ಕ ಹಾಕಲಿ. ಹಾಗಂತ ಯುರೇನಿಯಂ ಧೂಳು ಉಸಿರಲ್ಲಿ ಹೋದರೆ ಪರವಾಗಿಲ್ಲ ಅಂತಲ್ಲ. ಯುರೇನಿಯಂ ಬಿಡುವ ಆಲ್ಫಾ ಕಿರಣ ಹೊರಗಿನಿಂದ ಬಂದರೆ ಚರ್ಮವೇ ತಡೆಯುತ್ತದೆ, ಅದನ್ನು ಬಿಡುವ ವಸ್ತು ಒಳಗೆ ಹೊಕ್ಕರೆ ಅದೇ ಎಲ್ಲಕ್ಕಿಂತ ಕೆಟ್ಟದ್ದು. ಇಲ್ಲೂ ಮತ್ತೆ ವಸ್ತು ಎಲ್ಲಿದೆ ಅನ್ನುವುದೇ ಮುಖ್ಯ.

ಯಂತ್ರ ಬಾಂಬಿನ ಹಾಗೆ ಸಿಡಿಯುತ್ತದಾ ಅಂತಲೂ ಕೆಲವರು ಕೇಳುತ್ತಾರೆ. ಇಲ್ಲ. ಒಂದು ಪರಮಾಣು ಒಡೆದು ಮುಂದಿನದನ್ನು ಒಡೆಯುತ್ತಾ ಹೋಗುವ ಸರಪಳಿ ಕ್ರಿಯೆ ಕೋಬಾಲ್ಟ್‌ನಲ್ಲಿ ನಡೆಯುವುದೇ ಇಲ್ಲ.

ಇನ್ನು ಕುತ್ತಿಗೆ ಕಪ್ಪಾಗಿರುವುದು. ಮನೆಯವರು ಹೆದರಲು ಅದೇ ದೊಡ್ಡ ಕಾರಣ ಇರಬೇಕು, ಕಣ್ಣಿಗೆ ಕಾಣುವುದು ಅದೊಂದೇ ಅಲ್ವಾ. ಕಿರಣ ಚರ್ಮದ ಕೋಶಗಳಿಗೂ ಪೆಟ್ಟು ಕೊಟ್ಟಿದೆ. ನಾಟಿ ಮಾಡುವಾಗ ಬಿಸಿಲಿಗೆ ಬೆನ್ನು ಸುಟ್ಟು ಕಪ್ಪಾಗುತ್ತದೆ, ಮನೆಗೆ ಬಂದ ಮೇಲೂ ಕಪ್ಪಾಗಿಯೇ ಇರುತ್ತದೆ. ಹಾಗಂತ ಬೆನ್ನಲ್ಲಿ ಬಿಸಿಲು ಕೂತಿಲ್ಲ. ಪೆಟ್ಟಿನ ಗುರುತು ಉಳಿದಿದೆ, ಪೆಟ್ಟು ಕೊಟ್ಟದ್ದು ಹೋಗಿದೆ. ಸುಸ್ತು, ಬಾಯಿ ಒಣಗುವುದು, ರುಚಿ ಗೊತ್ತಾಗದಿರುವುದು, ಎಲ್ಲವೂ ಹಾಗೇ. ಕೆಲವು ತಿಂಗಳುಗಟ್ಟಲೆ ಇರಬಹುದು.

ಮಗನಿಗೆ ಇದನ್ನೂ ಹೇಳಿ. ಕ್ಯಾನ್ಸರ್ ಬರುವ ಮೊದಲೂ ಅಜ್ಜಿಯ ಮೈ ಚೂರು ವಿಕಿರಣಶೀಲವೇ ಆಗಿತ್ತು, ಅವನದ್ದೂ ಇದೆ, ನನ್ನದೂ ಇದೆ. ತೊಗರಿಬೇಳೆ, ಬಾಳೆಹಣ್ಣು, ಹುಣಸೆಯಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರ ಸುಮಾರು ಹತ್ತು ಸಾವಿರ ಪರಮಾಣುಗಳಲ್ಲಿ ಒಂದು ಪೊಟ್ಯಾಸಿಯಂ-40, ಅದರ ಅರ್ಧಾಯು ಸುಮಾರು 125 ಕೋಟಿ ವರ್ಷ. ದೊಡ್ಡವರ ಮೈಯಲ್ಲಿ ಪ್ರತಿ ಸೆಕೆಂಡಿಗೆ ಇಂಥ ಸುಮಾರು 4,000 ಪರಮಾಣುಗಳು ಒಡೆಯುತ್ತಿರುತ್ತವೆ. ರಾಯಚೂರು ಕೋಟೆಯ ಬಂಡೆಯಲ್ಲೂ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಚೂರು ಚೂರು ಇವೆ. ವಿಕಿರಣ ಇದೆಯಾ ಇಲ್ಲವಾ ಅಂತ ಕೇಳುವುದಕ್ಕಿಂತ ಎಷ್ಟಿದೆ, ಎಲ್ಲಿಂದ ಬರುತ್ತಿದೆ ಅಂತ ಕೇಳುವುದು ಸರಿಯಾದ ಪ್ರಶ್ನೆ.

ಈಗ ಜೋಪಾನ ಬೇಕಿರುವುದು ಅತ್ತೆಯವರಿಗೇ, ಅಕ್ಕಾ. ಅವರ ಬಾಯಿಯ ಒಳಚರ್ಮ ಇನ್ನೂ ಎಳೆಯದು. ಮನೆಯಲ್ಲಿ ಯಾರಿಗಾದರೂ ನೆಗಡಿ, ಜ್ವರ ಇದ್ದರೆ ಅವರು ಅತ್ತೆಯಿಂದ ಸ್ವಲ್ಪ ದೂರ ಇರಲಿ. ಕುತ್ತಿಗೆಗೆ ಬಿಸಿಲು ತಾಗದಂತೆ ಮೆತ್ತನೆಯ ಹತ್ತಿ ಸೆರಗು ಹೊದೆಯಲಿ, ಡಾಕ್ಟರನ್ನು ಕೇಳದೆ ಎಣ್ಣೆ, ಅರಿಶಿನ ಹಚ್ಚಬೇಡಿ. ಖಾರ ಬೇಡ, ಜೋಳದ ಗಂಜಿ ಆರಿಸಿ ಕೊಡಿ.

ಮಗನ ಮೇಲೆ ಸಿಟ್ಟಾಗಬೇಡಿ. ಮುಂದಿನ ಸಲ ತೋರಿಸಲು ಹೋಗುವಾಗ ಅಜ್ಜಿಯ ಜೊತೆ ಅವನನ್ನೇ ಕಳಿಸಿ. ಯಂತ್ರದ ಕೋಣೆಯ ಹೊರಗಿನ ಬೆಂಚಿನ ಮೇಲೆ ಹತ್ತು ನಿಮಿಷ ಕೂತುಕೊಳ್ಳಲಿ. ಬಾಗಿಲ ಮೇಲೆ ಒಂದು ಕೆಂಪು ದೀಪ ಇರುತ್ತದೆ. ಅದು ಆರಿದ ಕೂಡಲೇ ಯಾರು ಒಳಗೆ ಹೋಗುತ್ತಾರೆ ಅಂತ ನೋಡಿಕೊಂಡು ಬರಲಿ.